ಹನ್ನೊಂದು ಜನ ಸೇರಲ್ಲ, ಸೇರಿದರೆ ಗಾಳಿ ಬಿಡಲ್ಲ: ದುರ್ಗದಲ್ಲಿ ಫುಟ್‌ಬಾಲ್ ತಂಡ ನಡೆಸೋದು ಹೇಗೆ?

ಜೆರಾಕ್ಸ್ ಗೋಲ್‌ಕೀಪರ್, ಚಿತ್ರದುರ್ಗ

ಎಲ್ಲರಿಗೂ ನಮಸ್ಕಾರ. ಕೋರ್ಟ್ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ವಯಸ್ಸು 36. ಈ ಜೂನ್‌ನಲ್ಲಿ ಹದಿನಾಲ್ಕು ಜನ ಸೇರಿ ಒಂದು ಫುಟ್‌ಬಾಲ್ ತಂಡ ಕಟ್ಟಿದೆವು. ತಿಂಗಳಿಗೆ ತಲೆಗೆ ನೂರು ರೂಪಾಯಿ. ಗೋಲ್‌ಕೀಪರ್ ನಾನೇ, ಓಡೋಕೆ ಆಗಲ್ಲ ಅಂತ. ಖಜಾಂಚಿಯೂ ನಾನೇ, ಬೇರೆ ಯಾರೂ ಒಪ್ಪಲಿಲ್ಲ ಅಂತ.

ಇಲ್ಲಿಯವರೆಗೆ ಏಳು ಮ್ಯಾಚ್ ಆಡಿದ್ದೇವೆ. ಎರಡು ಗೆದ್ದೆವು, ಒಂದು ಡ್ರಾ, ನಾಲ್ಕು ಸೋತೆವು. ಸೋತಿದ್ದಕ್ಕೆ ಬೇಜಾರಿಲ್ಲ. ಬೇಜಾರು ಬೇರೆ ಎರಡು ವಿಷಯಕ್ಕೆ.

ಒಂದು, ಗಾಳಿ. ದುರ್ಗದ ಗುಡ್ಡಗಳ ಮೇಲೆ ಸುಮ್ನೆ ಫ್ಯಾನು ನೆಟ್ಟಿಲ್ಲ. ನಮ್ಮ ಗ್ರೌಂಡಿನ ಒಂದು ಗೋಲು ಪಶ್ಚಿಮಕ್ಕೆ, ಇನ್ನೊಂದು ಪೂರ್ವಕ್ಕೆ. ಆಷಾಢದಲ್ಲಿ ಗಾಳಿ ನೇರ ಒಂದು ಗೋಲಿನಿಂದ ಇನ್ನೊಂದಕ್ಕೆ ಬೀಸುತ್ತದೆ. ಜುಲೈನ ಒಂದು ಮ್ಯಾಚಲ್ಲಿ ಗಾಳಿಗೆ ಎದುರಾಗಿ ಗೋಲ್ ಕಿಕ್ ಹೊಡೆದೆ. ಬಾಲ್ ಮೇಲಕ್ಕೆ ಹೋಯಿತು, ಸ್ವಲ್ಪ ಹೊತ್ತು ಅಲ್ಲೇ ಯೋಚನೆ ಮಾಡಿತು, ವಾಪಸ್ ಬಂತು. ನನ್ನ ತಲೆ ದಾಟಿ, ಒಂದು ಪುಟ ಎದ್ದು, ನಮ್ಮದೇ ಗೋಲೊಳಗೆ ಹೋಯಿತು. ನಾನು ಹಿಂದೆ ಓಡಿದೆ, ಸಿಗಲಿಲ್ಲ. ಬೇರೆ ಯಾರೂ ಮುಟ್ಟಲೂ ಇಲ್ಲ. ರೆಫರಿ ಎದುರು ತಂಡದ ಕಡೆಯವರು, ಗೋಲ್ ಅಂದರು. 2-1ರಲ್ಲಿ ಸೋತೆವು. ಅದು ಗೋಲಾ? ನಾಲ್ಕು ತಿಂಗಳಿಂದ ತಲೆಯಲ್ಲಿ ಕೊರೆಯುತ್ತಿದೆ.

ಎರಡು, ಜನ. ಸೆಪ್ಟೆಂಬರ್‌ನಲ್ಲಿ ಗಣಪತಿ. ಮೆರವಣಿಗೆ ಮುಗಿಯುವ ತನಕ ಹುಡುಗರ ಸುದ್ದಿಯೇ ಇಲ್ಲ. ಅಕ್ಟೋಬರ್‌ನಲ್ಲಿ ಚಳ್ಳಕೆರೆ ಕಡೆಯ ಮೂವರು ಶೇಂಗಾ ಕೀಳೋಕೆ ಊರಿಗೆ ಹೋದರು. ಮೂವರೂ ಡಿಫೆಂಡರ್‌ಗಳು. ಒಂದು ಮ್ಯಾಚನ್ನು ಎಂಟೇ ಜನ ಆಡಿದೆವು. ಹೋದ ಭಾನುವಾರ ಹಿರಿಯೂರಿನ ತಂಡ ಟೆಂಪೋ ಮಾಡಿಕೊಂಡು ಬಂದಿತ್ತು, ನಾವಿದ್ದದ್ದು ಆರು ಜನ. ಏಳಕ್ಕಿಂತ ಕಡಿಮೆ ಇದ್ದರೆ ಆಟ ಶುರು ಮಾಡೋ ಹಾಗೇ ಇಲ್ಲ. ಬಂದವರಿಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕೊಡಿಸಿ ಕಳಿಸಿದೆ. 640 ರೂಪಾಯಿ. ದುಡ್ಡಿಗಿಂತ ಮರ್ಯಾದೆ ಹೋಯಿತು.

ಅಭ್ಯಾಸವೂ ಭಾನುವಾರ ಬೆಳಿಗ್ಗೆ ಏಳಕ್ಕೆ, ಮ್ಯಾಚೂ ಆಗಲೇ. ಫೋನ್ ಮಾಡಿದರೆ "ಹೊರಟೆ ಅಣ್ಣ" ಅನ್ನುತ್ತಾರೆ. ಹಿಂದೆ ಬಕೆಟ್ ಸದ್ದು ಕೇಳುತ್ತದೆ. ಸ್ನಾನವೇ ಆಗಿಲ್ಲ ಅಂದುಕೊಳ್ಳುತ್ತೇನೆ.

ತಂಡ ಮುಂದುವರಿಸಬೇಕಾ, ಬಾಲ್ ಮಾರಿ ಸುಮ್ನಾಗಬೇಕಾ? ನಿಮ್ಮಲ್ಲಿ ಹೇಗೆ ನಡೆಸುತ್ತೀರಿ?

ಕವರ್ ಡ್ರೈವ್

ಟೆನಿಸ್ ಬಾಲ್ ಕ್ರಿಕೆಟ್ ಆಡಿ ಗುರು. ಆರು ಜನ ಇದ್ದರೂ ನಡೆಯುತ್ತೆ, ಕೀಪರ್ ಕಾಮನ್.

ಹಳೇ ಸೀಟಿ, ಹರಿಹರ

ಮೊದಲು ನಿಮ್ಮ ತಲೆಯ ಕೊರೆತ ನಿಲ್ಲಿಸುತ್ತೇನೆ. ಅದು ಗೋಲ್ ಅಲ್ಲ. ಗೋಲ್ ಕಿಕ್ ಯಾರಿಗೂ ತಾಗದೆ ಹೊಡೆದವರ ಗೋಲೊಳಗೇ ಹೋದರೆ ಎದುರು ತಂಡಕ್ಕೆ ಕಾರ್ನರ್ ಕಿಕ್, ಅಷ್ಟೇ. ಪುಟ ಎದ್ದರೂ ಅದೇ. ಎದುರಾಳಿಯ ಗೋಲಿಗೆ ನೇರ ಹೋದರೆ ಮಾತ್ರ ಗೋಲ್. ನಿಮ್ಮ ಗಾಳಿಯಲ್ಲಿ ಅದೂ ಒಂದು ದಿನ ಆಗಬಹುದು!

ಇನ್ನೊಂದು ಮಾತು. ಬಾಲ್ ಸಿಗಲಿಲ್ಲ ಅಂದಿರಲ್ಲ, ಸಿಗದಿದ್ದದ್ದೇ ಒಳ್ಳೆಯದಾಯಿತು. ಕಿಕ್ ಹೊಡೆದ ನೀವೇ, ಬೇರೆಯವರು ಮುಟ್ಟುವ ಮೊದಲು, ಅದನ್ನು ಹಿಡಿದಿದ್ದರೆ ಎದುರು ತಂಡಕ್ಕೆ ಇನ್‌ಡೈರೆಕ್ಟ್ ಫ್ರೀ ಕಿಕ್, ಅಂದರೆ ಇನ್ನೊಬ್ಬರಿಗೆ ತಾಗಿದ ಮೇಲೇ ಗೋಲಾಗುವ ಕಿಕ್. ಅದೂ ಗೋಲಿನ ಮುಂದೆಯೇ. ಕಾರ್ನರ್‌ಗಿಂತ ಕಷ್ಟ.

2019ರಿಂದ ಗೋಲ್ ಕಿಕ್ ಪೆನಾಲ್ಟಿ ಏರಿಯಾ, ಅಂದರೆ ಗೋಲಿನ ಮುಂದಿನ ದೊಡ್ಡ ಚೌಕ, ದಾಟಬೇಕು ಅಂತಿಲ್ಲ. ಪಕ್ಕದಲ್ಲಿ ನಿಂತ ನಿಮ್ಮ ಹುಡುಗನಿಗೆ ಮೆಲ್ಲಗೆ ತಳ್ಳಿ. ಎತ್ತರಕ್ಕೆ ಯಾಕೆ ಹೊಡೆಯುತ್ತೀರಿ?

ಬೆಣ್ಣೆ ದೋಸೆ ಲೆಫ್ಟ್ ಬ್ಯಾಕ್, ದಾವಣಗೆರೆ

ಬಾಲ್ ಮಾರಬೇಡಿ ಸಾರ್. ಕವರ್ ಡ್ರೈವ್ ಮಾತು ಕಿವಿಗೆ ಹಾಕಿಕೊಳ್ಳಬೇಡಿ, ನಮಗಿದು ಅಭ್ಯಾಸ ಆಗಿದೆ. 2023ರ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿತು. 54 ವರ್ಷ ಆದಮೇಲೆ ರಾಜ್ಯ ರಾಜ್ಯಗಳ ನಡುವಿನ ಫುಟ್‌ಬಾಲಿನ ಸಂತೋಷ್ ಟ್ರೋಫಿ ಬಂತು. ಖುಷಿ ತಡೆಯದೆ ಹೋಟೆಲಲ್ಲಿ ಹೇಳಿದರೆ ಪಕ್ಕದವರು "ಯಾವ ಸಂತೋಷ, ಎಸ್‌ಎಸ್ ಲೇಔಟ್‌ನವನಾ?" ಅಂದರು.

ನೀವು ಸೀಸನ್ ಶುರು ಮಾಡಿದ್ದೇ ತಪ್ಪು ತಿಂಗಳಲ್ಲಿ. ಜೂನ್‌ನಿಂದ ಆಗಸ್ಟ್ ಗಾಳಿ, ಆಮೇಲೆ ಹಬ್ಬ, ಆಮೇಲೆ ಕೊಯ್ಲು. ಶೇಂಗಾ ಮನೆಗೆ ಬಂದಮೇಲೆ ಶುರು ಮಾಡಿ. ನವೆಂಬರ್ ಕೊನೆಯಿಂದ ಫೆಬ್ರವರಿ ತನಕ ಆಡಿ. ಮಾರ್ಚ್‌ಗೆ ಪರೀಕ್ಷೆ, ನಿಲ್ಲಿಸಿ. ನಾವು ಹೀಗೇ ಮಾಡುತ್ತೇವೆ. ಮಳೆಗಾಲದಲ್ಲಿ ನಮ್ಮ ಎರೆಮಣ್ಣಿನ ಗ್ರೌಂಡಿಗೆ ಇಳಿದರೆ ಒಂದೊಂದು ಬೂಟೂ ಎರಡೆರಡು ಕೆಜಿ ತೂಗುತ್ತದೆ. ಗಾಳಿ ಹೊತ್ತಲ್ಲಿ ಐದೈದು ಜನ ಸಣ್ಣ ಗೋಲಿಟ್ಟು ಆಡಿಕೊಳ್ಳಿ. ಹತ್ತು ಜನ ಸಾಕು, ಬಾಲ್ ನೆಲ ಬಿಡಲ್ಲ.

ಎಡಗಾಲಿನ ಅಕ್ಕ, ಚಿತ್ರದುರ್ಗ

ಅಣ್ಣಾ, ನನಗೆ ಫುಟ್‌ಬಾಲ್ ಗೊತ್ತಿಲ್ಲ. ನನ್ನ ತಮ್ಮ ನಿಮ್ಮ ತಂಡದಲ್ಲೇ ಇದ್ದಾನೆ ಅನ್ನಿಸುತ್ತದೆ. ಎಡಗಾಲಲ್ಲಿ ಹೊಡೆಯುತ್ತಾನೆ, "ಹೊರಟೆ ಅಣ್ಣ" ಅನ್ನುವವನೂ ಅವನೇ.

ಆ ಬಕೆಟ್ ಸದ್ದು ಸ್ನಾನದ್ದಲ್ಲ. ನಮ್ಮ ಬೀದಿಗೆ ನಲ್ಲಿ ನೀರು ಬರುವುದು ವಾರಕ್ಕೊಮ್ಮೆ, ಈಚೆಗೆ ಭಾನುವಾರ ಬೆಳಿಗ್ಗೆ ಆರೂವರೆಗೆ. ಅಪ್ಪನಿಗೆ ಸೊಂಟ ನೋವು. ಡ್ರಮ್ಮು, ಸಿಂಟೆಕ್ಸು, ಕೊಡ ಎಲ್ಲಾ ಅವನೇ ತುಂಬಿಸಬೇಕು. ಮುಗಿಯೋದು ಎಂಟೂವರೆಗೆ. ನೀರು ಹಿಡಿಯಬೇಕು ಅಂತ ಫ್ರೆಂಡ್ಸ್ ಮುಂದೆ ಹೇಳೋಕೆ ಅವನಿಗೆ ನಾಚಿಕೆ. ಅದೇ ಬೀದಿಯಿಂದ ಇನ್ನೂ ಮೂವರು ಬರುತ್ತಾರೆ ಅಲ್ವಾ? ಶನಿವಾರ ಸಾಯಂಕಾಲ ಇಟ್ಟುಕೊಳ್ಳಿ. ಬರದಿದ್ದರೆ ನನಗೆ ಹೇಳಿ.

ಜೆರಾಕ್ಸ್ ಗೋಲ್‌ಕೀಪರ್, ಚಿತ್ರದುರ್ಗ

ಅಕ್ಕ, ನಾಲ್ವರು. ಈಗಷ್ಟೇ ಲೆಕ್ಕ ಹಾಕಿದೆ. ಆ ಆರಕ್ಕೆ ನಾಲ್ಕು ಸೇರಿಸಿದರೆ ಹತ್ತು. ನಾನು ಅವನಿಗೆ ಗ್ರೂಪಲ್ಲಿ ಎಲ್ಲರ ಮುಂದೆ ಬೈದಿದ್ದೇನೆ, ಸೋಮಾರಿ ಅಂತ. ಅಂಗಡಿಗೆ ಬರಲು ಹೇಳಿ, ಮಾತಾಡುತ್ತೇನೆ. ನೀರಿನ ವಿಷಯ ಎತ್ತಲ್ಲ.

ಹಳೇ ಸೀಟಿ ಸರ್, ನಿಮ್ಮ ಉತ್ತರ ಪ್ರಿಂಟ್ ತೆಗೆದು ಅಂಗಡಿ ಗಾಜಿಗೆ ಅಂಟಿಸಿದ್ದೇನೆ. ಆ ರೆಫರಿ ಅಫಿಡವಿಟ್ ಕಾಪಿಗೆ ನಮ್ಮಲ್ಲಿಗೇ ಬರುತ್ತಾರೆ.

ಶನಿವಾರ ಸಾಯಂಕಾಲ ಅಂದರೆ ಆರು ಗಂಟೆಗೆಲ್ಲಾ ಕತ್ತಲು. ನಾಲ್ಕಕ್ಕೆ ಶುರು ಮಾಡಿ ಮೂವತ್ತೈದು ಮೂವತ್ತೈದು ನಿಮಿಷ ಆಡಬಹುದಾ?

ಹಳೇ ಸೀಟಿ, ಹರಿಹರ

ಆಡಬಹುದು. ಆಟಕ್ಕೆ ಮೊದಲೇ ಎರಡೂ ತಂಡ, ರೆಫರಿ ಒಪ್ಪಿಕೊಂಡಿರಬೇಕು. ಹಿರಿಯೂರಿನವರನ್ನು ಮತ್ತೆ ಕರೆಯಿರಿ. ಬಸ್ ಚಾರ್ಜ್ ಕೊಟ್ಟರೆ ಸೀಟಿ ಊದೋಕೆ ನಾನು ಬರುತ್ತೇನೆ. ಮಿರ್ಚಿ ಬೇಡ, ಹೊಟ್ಟೆ ಕೇಳಲ್ಲ.