ಅಪ್‌ಡೇಟ್: ಅಪ್ಪ ಅಮ್ಮನ ಪಾರ್ಟಿಯ ಊಟದ ಟೇಬಲ್

ಮೂಡಿಗೆರೆಯ ನಮ್ಮ ಮನೆಯಲ್ಲಿ ಅಪ್ಪ ಅಮ್ಮನ ಮದುವೆಯ 25ನೇ ವರ್ಷದ ಪಾರ್ಟಿ, 40 ಜನಕ್ಕೆ ಒಂದೇ ಟೇಬಲ್, ಹೇಗೆ ಜೋಡಿಸೋದು ಅಂತ ಕೇಳಿದ್ದೆ ಅಲ್ವಾ? ಪಾರ್ಟಿ ಮುಗಿಯಿತು, ತುಂಬಾ ಚೆನ್ನಾಗಿ ಆಯಿತು.

ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಟೇಬಲನ್ನು ಗೋಡೆಯಿಂದ ಈಚೆ ಎಳೆಯಿರಿ ಅನ್ನುವ ಸಲಹೆ. ಜನ ಎರಡೂ ಕಡೆಯಿಂದ ಬಡಿಸಿಕೊಂಡರು, ಸಾಲು ಬೇಗ ಕರಗಿತು. ಶುರುವಿನಲ್ಲಿ ಅಡಿಕೆ ಹಾಳೆ ತಟ್ಟೆ, ಆಮೇಲೆ ಕಡುಬು, ಅಕ್ಕಿ ರೊಟ್ಟಿ, ಪಕ್ಕದಲ್ಲೇ ಕೋಳಿ ಸಾರು, ಎಣ್ಣೆಗಾಯಿ. ಚಮಚ, ಟಿಶ್ಯೂ ಕೊನೆಯಲ್ಲಿ. ಅವನ್ನು ಮೊದಲೇ ಕೊಟ್ಟರೆ ಬಡಿಸಿಕೊಳ್ಳಲು ಕೈ ಖಾಲಿ ಇರುವುದಿಲ್ಲ. ಕಾಫಿ, ನೀರಿಗೆ ಜಗಲಿಯಲ್ಲಿ ಬೇರೆ ಟೇಬಲ್.

ಬಟ್ಟೆ ಬದಲು ಬಾಳೆ ಎಲೆ ಹಾಸಿದೆವು. ಕೆಂಡದ ಮೇಲೆ ಸ್ವಲ್ಪ ಬಾಡಿಸಿದರೆ ಎಲೆ ಸೀಳುವುದಿಲ್ಲ, ಟೇಬಲ್ ಅಂಚಿಗೆ ಸಲೀಸಾಗಿ ಮಡಚಿಕೊಳ್ಳುತ್ತದೆ. ನಡುವೆ ಹಳೇ ಮಣೆಗಳನ್ನು ಜೋಡಿಸಿ ಸಿಹಿ ತಟ್ಟೆಗಳನ್ನು ಎತ್ತರದಲ್ಲಿ ಇಟ್ಟೆವು. ತೋಟದಲ್ಲಿ ಕೊಯ್ಲು ನಡೆಯುತ್ತಿದ್ದರಿಂದ ಕೆಂಪು ಹಣ್ಣು ತುಂಬಿದ ಕಾಫಿ ರೆಂಬೆಗಳು ಸಿಕ್ಕವು. ಅದರ ಮುಂದೆ ಅಂಗಡಿಯ ಅಲಂಕಾರ ಏನೂ ಅಲ್ಲ! ಅಂಗಳದ ಕಣಗಿಲೆಯೂ ಚೆಂದ ಇತ್ತು, ಆದರೆ ಆ ಗಿಡದ ಪ್ರತಿ ಭಾಗವೂ ವಿಷ. ಊಟದ ಹತ್ತಿರ ಬೇಡವೇ ಬೇಡ ಅಂತ ಒಬ್ಬರು ಎಚ್ಚರಿಸಿದ್ದು ದೊಡ್ಡ ಉಪಕಾರ. ಸುಗಂಧರಾಜ ಬಾಗಿಲಿಗೆ ಹೋಯಿತು, ಅದರ ವಾಸನೆ ಊಟದ ಘಮದ ಜೊತೆ ಸೇರಬಾರದು. ಹಣತೆಗಳನ್ನೂ ಕಿಟಕಿ ಕಟ್ಟೆಗೆ ಸರಿಸಿದೆವು, ಸೆರಗು ತಾಗುವ ಭಯ.

ಕಡುಬನ್ನು ಒಮ್ಮೆಗೇ ಸುರಿಯದೆ ಹಬೆಯಿಂದ ಸ್ವಲ್ಪ ಸ್ವಲ್ಪವೇ ತಂದು ತುಂಬಿಸಿದೆವು. ಕೊನೆಗೆ ಬಂದವರಿಗೂ ಬಿಸಿಯಾಗಿ ಸಿಕ್ಕಿತು. ಸಲಹೆ ಕೊಟ್ಟ ಎಲ್ಲರಿಗೂ ಅಮ್ಮನ ಪರವಾಗಿಯೂ ಥ್ಯಾಂಕ್ಸ್.