ಯಾವ ಮನಸ್ಸಿಗೆ ಯಾವ ಹಾಡು? ನಿಮ್ಮ ಅನುಭವ ಹೇಳಿ

ಕೇಳಿದವರು, ಸುಂಟಿಕೊಪ್ಪ

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು. ನಾನು ದಿನಾ ಬಸ್ಸಿನಲ್ಲಿ ಮಡಿಕೇರಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ದಾರಿಯುದ್ದಕ್ಕೂ ಕಿವಿಯಲ್ಲಿ ಹಾಡು. ಫೋನಿನಲ್ಲಿ ಇನ್ನೂರಕ್ಕೂ ಜಾಸ್ತಿ ಹಾಡುಗಳಿವೆ, ಎಲ್ಲ ಕಲಸುಮೇಲೋಗರ. ನಾಲ್ಕು ತಿಂಗಳ ಹಿಂದೆ ಅಮ್ಮ ತೀರಿಕೊಂಡರು. ಆಮೇಲಿಂದ ಯಾವ ಹಾಡು ಯಾವಾಗ ಬಂದು ಏನು ಮಾಡುತ್ತದೆ ಅಂತ ಹೇಳಲಿಕ್ಕೇ ಆಗುವುದಿಲ್ಲ.

ಮೊನ್ನೆ ‘ರಾಯರು ಬಂದರು ಮಾವನ ಮನೆಗೆ’ ಬಂತು. ಕೆ.ಎಸ್. ನರಸಿಂಹಸ್ವಾಮಿಯವರ ಆ ಹಾಡು ಅಮ್ಮನಿಗೆ ಬಾಯಿಪಾಠ. ತುಟಿಯಂಚಿನಲ್ಲಿ ನಗುತ್ತಾ ಕೇಳುವ ಹಾಡು ಅದು, ಅಲ್ವಾ? ಆದರೆ ‘ಪದುಮಳು ಒಳಗಿಲ್ಲ’ ಅನ್ನುವ ಮಾತು ಬಂದಾಗ ಬಸ್ಸು ಬೋಯಿಕೇರಿ ಹತ್ತಿರ ಇತ್ತು. ಅಳು ತಡೆಯಲಿಕ್ಕೆ ಆಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಏನೂ ಕೇಳದೆ ನನ್ನ ಕೈ ಹಿಡಿದುಕೊಂಡರು. ಇಳಿಯುವ ತನಕ ಬಿಡಲಿಲ್ಲ.

ಬೇಜಾರಿಗೆ, ಸಿಟ್ಟಿಗೆ, ಭಯಕ್ಕೆ, ಖುಷಿಗೆ ಅಂತ ಬೇರೆ ಬೇರೆ ಪಟ್ಟಿ ಮಾಡೋಣ ಅಂದುಕೊಂಡಿದ್ದೇನೆ. ನೀವು ಹೇಗೆ ಆರಿಸುತ್ತೀರಿ? ನಿಮಗೆ ಯಾವುದು ನಿಜವಾಗಿ ಕೈ ಹಿಡಿದಿದೆ? ದಯವಿಟ್ಟು ಹೇಳಿ.

ನಾಪೋಕ್ಲಿನಿಂದ

ತಂಗಿ, ನಿನ್ನದನ್ನು ಓದಿ ನನ್ನದೇ ನೆನಪಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಸಮಯ ಇದ್ದಾಗ ಓದು.

ನಮ್ಮ ಯಜಮಾನರು ಹೋಗಿ ಆರು ವರ್ಷ. ಕಾಫಿ ಕೊಯ್ಲಿನ ಸಮಯದಲ್ಲೇ ಹೋದರು. ಕಾಫಿ ಯಾರಿಗೂ ಕಾಯುವುದಿಲ್ಲ. ತಿಥಿ ಮುಗಿದ ಮಾರನೇ ದಿನವೇ ನಾನು ಕಣಕ್ಕೆ ಇಳಿದೆ, ಹರಡಿದ ಹಣ್ಣನ್ನು ಕೈಯಾಡಿಸಲಿಕ್ಕೆ. ನನ್ನ ಮುಖ ನೋಡಿ ತಮ್ಮನ ಮಗ ಒಂದು ಸ್ಪೀಕರ್ ತಂದಿಟ್ಟು ಜೋರಾಗಿ ಕುಣಿಯುವ ಹಾಡು ಹಾಕಿದ. ಪಾಪ, ಒಳ್ಳೆ ಮನಸ್ಸಿನಿಂದಲೇ ಹಾಕಿದ್ದು. ಎರಡು ನಿಮಿಷವೂ ಕೇಳಲಿಕ್ಕಾಗಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ‘ಅತ್ತದ್ದು ಸಾಕು, ಏಳು’ ಅಂತ ಆ ಹಾಡು ಗದರಿಸಿದ ಹಾಗೆ ಅನಿಸಿತು. ಏಳಲಿಕ್ಕೆ ನನಗೆ ಕಾಲೇ ಇರಲಿಲ್ಲ.

ಅದಾಗಿ ಒಂದು ವಾರವೋ ಹತ್ತು ದಿನವೋ. ಬೆಳಿಗ್ಗೆ ಅಕ್ಕಿ ಒಟ್ಟಿ ಮಾಡುತ್ತಿದ್ದೆ. ರಾತ್ರಿಯ ಅನ್ನ, ಅಕ್ಕಿ ಹಿಟ್ಟು ಸೇರಿಸಿ ನಾದುತ್ತಿದ್ದೆ. ಮಡಿಕೇರಿ ಆಕಾಶವಾಣಿ ಹಾಕಿತ್ತು. ಕನಕದಾಸರ ‘ತಲ್ಲಣಿಸದಿರು ಕಂಡ್ಯ ತಾಳು ಮನವೇ’ ಬಂತು. ನೂರು ಸಲ ಕೇಳಿದ ಹಾಡು. ‘ಬೆಟ್ಟದಾ ತುದಿಯಲ್ಲಿ ಹುಟ್ಟಿರುವ ವೃಕ್ಷಕ್ಕೆ ಕಟ್ಟೆಯನು ಕಟ್ಟಿ ನೀರೆರೆದವರು ಯಾರು’ ಅಂತ ಬರುತ್ತದಲ್ಲ, ಆಗ ತಲೆ ಎತ್ತಿದೆ. ನಮ್ಮ ಅಡುಗೆಮನೆ ಕಿಟಕಿಯಿಂದ ನೇರ ಕಾಣುವುದು ಎದುರು ಬೆಟ್ಟದ ನಂದಿ ಮರ. ಅದಕ್ಕೆ ಯಾರು ನೀರು ಹಾಕಿದ್ದು? ಕೈ ಹಿಟ್ಟಿನಲ್ಲೇ ಇತ್ತು. ಕಾವಲಿ ಮೇಲಿದ್ದ ಒಟ್ಟಿ ಕಪ್ಪಾಗಿ ಹೊಗೆ ಬರುವ ತನಕ ಅತ್ತೆ. ಆದರೆ ಅದು ಬಾಗಿಲು ಹಾಕಿಕೊಂಡು ಅಳುವ ಅಳು ಅಲ್ಲ. ಅವತ್ತು ಮೊದಲ ಸಲ ಹೊಟ್ಟೆ ತುಂಬ ತಿಂದೆ.

ಆ ಹಾಡು ನನಗೆ ಏಳು ಅನ್ನಲಿಲ್ಲ. ತಲ್ಲಣ ಇದೆ ಅಂತ ಮೊದಲು ಒಪ್ಪಿಕೊಂಡಿತು. ಆಮೇಲೆ ತಾಳು ಅಂತು. ಅವತ್ತಿನಿಂದ ನಾನು ನಂಬಿರುವುದು ಇದನ್ನೇ. ಮನಸ್ಸು ಎಲ್ಲಿ ಕೂತಿದೆಯೋ ಹಾಡು ಮೊದಲು ಅಲ್ಲಿಗೆ ಬಂದು ಪಕ್ಕದಲ್ಲಿ ಕೂರಬೇಕು, ನಿನ್ನ ಬಸ್ಸಿನ ಅಜ್ಜಿ ಕೂತ ಹಾಗೆ. ಎಬ್ಬಿಸುವುದು ಆಮೇಲಿನ ಕೆಲಸ.

ಅದಕ್ಕೇ ನಾನು ಬೇಜಾರಿನ ಪಟ್ಟಿ, ಖುಷಿಯ ಪಟ್ಟಿ ಅಂತ ಮಾಡುವುದಿಲ್ಲ. ಬರೀ ಬೇಜಾರಿನ ಹಾಡನ್ನೇ ಸಾಲಾಗಿ ಇಟ್ಟರೆ ಬಾವಿಗೆ ಇಳಿದ ಹಾಗೆ, ಹಗ್ಗ ಮೇಲೆಯೇ ಉಳಿಯುತ್ತದೆ. ನಾನು ಮೂರು ಹಾಡು ಒಟ್ಟಿಗೆ ಕಟ್ಟುತ್ತೇನೆ. ಮೊದಲು ಜಿ.ಎಸ್. ಶಿವರುದ್ರಪ್ಪನವರ ‘ಕಾಣದ ಕಡಲಿಗೆ ಹಂಬಲಿಸಿದೆ ಮನ’. ಅದು ನನ್ನ ಹಂಬಲವನ್ನು ನನಗಿಂತ ಚೆನ್ನಾಗಿ ಹೇಳುತ್ತದೆ. ಎರಡನೆಯದು ‘ದೀಪವು ನಿನ್ನದೆ ಗಾಳಿಯು ನಿನ್ನದೆ’. ನಿನ್ನ ಅಮ್ಮನ ಕವಿಯದ್ದೇ. ಅದೂ ನಿಧಾನ, ಆದರೆ ಒಳಗೆ ಒಂದು ಬೆಳಕು ಇಟ್ಟುಕೊಂಡಿದೆ. ಮೂರನೆಯದು ಬೇಂದ್ರೆಯವರ ‘ಮೂಡಲ ಮನೆಯ ಮುತ್ತಿನ ನೀರಿನ’. ಅದು ಬರುವ ಹೊತ್ತಿಗೆ ನನ್ನ ಕೈ ತಾನಾಗಿ ಕೆಲಸಕ್ಕೆ ಹೋಗಿರುತ್ತದೆ. ನಿನಗೆ ಇದೇ ಮೂರು ಆಗಬೇಕು ಅಂತಿಲ್ಲ. ಮೂರರ ನಡುವೆ ದೊಡ್ಡ ಜಿಗಿತ ಬೇಡ, ಅಷ್ಟೇ.

ಇನ್ನೊಂದು ಮಾತು. ಅಮ್ಮನ ಹಾಡನ್ನು ಅಳಿಸಬೇಡ. ಬಸ್ಸಿನ ಪಟ್ಟಿಯಿಂದ ಮಾತ್ರ ತೆಗೆದು ಬೇರೆ ಕಡೆ ಇಡು. ಅದು ಕೇಳದೇ ಬಂದು ಎದುರು ನಿಲ್ಲಬಾರದು. ನೀನೇ ಕರೆದಾಗ ಬರಬೇಕು.

ಕುಶಾಲನಗರದಿಂದ

ನಾಪೋಕ್ಲಿನ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ನರ್ಸ್. ಸಂಗೀತ ಚಿಕಿತ್ಸೆಯಲ್ಲಿ ಇದಕ್ಕೆ ಒಂದು ಹೆಸರೇ ಇದೆ, ಐಸೋ ಪ್ರಿನ್ಸಿಪಲ್. ‘ಐಸೋ’ ಅಂದರೆ ಗ್ರೀಕ್‌ನಲ್ಲಿ ‘ಸಮ’. ಐರಾ ಆಲ್ಟ್‌ಶುಲರ್ ಅನ್ನುವ ಅಮೆರಿಕದ ಮನೋವೈದ್ಯರು 1940ರ ದಶಕದಲ್ಲಿ ಇದನ್ನು ಹೇಳಿದರು. ರೋಗಿಯ ಮನಸ್ಥಿತಿಗೆ ಸಮನಾದ ಸಂಗೀತದಿಂದ ಶುರು ಮಾಡಿ, ಬೇಕಾದ ಕಡೆಗೆ ಸ್ವಲ್ಪ ಸ್ವಲ್ಪವಾಗಿ ಬದಲಾಯಿಸುತ್ತಾ ಹೋಗುವುದು. ಅಕ್ಕ ಅದನ್ನು ಒಲೆ ಮುಂದೆ ನಿಂತು ಕಂಡುಕೊಂಡಿದ್ದಾರೆ.

ಆರಿಸುವಾಗ ನಾನು ನೋಡುವುದು ಮೊದಲು ತಾಳದ ವೇಗ. ಎದೆ ಡವಡವ ಅನ್ನುವಾಗ ತೀರಾ ನಿಧಾನದ ಹಾಡು ಹಾಕಿದರೆ ಕಿವಿಗೇ ಹೋಗುವುದಿಲ್ಲ. ಸ್ವಲ್ಪ ವೇಗದ್ದರಿಂದ ಶುರು ಮಾಡಿ ಇಳಿಸುತ್ತಾ ಬನ್ನಿ. ನೈಟ್ ಡ್ಯೂಟಿ ಮುಗಿಸಿ ಬಂದು ನಿದ್ದೆ ಬಾರದಾಗ ನಾನು ಹೀಗೇ ಮಾಡುತ್ತೇನೆ. ಕೊನೆಯದ್ದು ಮಾತಿಲ್ಲದ ಕೊಳಲು. ಮಾತಿದ್ದರೆ ಮನಸ್ಸು ಆ ಮಾತಿನ ಹಿಂದೆ ಹೋಗುತ್ತದೆ.

ತಂಗಿ, ಒಂದೇ ದುಃಖದ ಹಾಡನ್ನು ಮತ್ತೆ ಮತ್ತೆ ಹಾಕಬೇಕು ಅನಿಸಿದರೆ, ಕೇಳಿ ಮುಗಿದ ಮೇಲೆ ಹಗುರ ಆಯಿತೋ ಇನ್ನೂ ಭಾರ ಆಯಿತೋ ನೋಡಿಕೊಳ್ಳಿ. ಭಾರ ಆಗುತ್ತಿದ್ದರೆ ಹಾಡು ನಿಲ್ಲಿಸಿ ಯಾರ ಹತ್ತಿರವಾದರೂ ಮಾತಾಡಿ. ಊಟ, ನಿದ್ದೆ ವಾರಗಟ್ಟಲೆ ಕೆಟ್ಟಿದ್ದರೆ ಹಾಡಿನ ಮೇಲೆ ಭಾರ ಹಾಕಬೇಡಿ. ಡಾಕ್ಟರ್ ಹತ್ತಿರ ಹೋಗಿ, ಇಲ್ಲವೇ ಸರಕಾರದ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ವಿರಾಜಪೇಟೆಯಿಂದ

ಸಿಟ್ಟಿಗೆ ನನ್ನ ಹತ್ತಿರ ಒಂದೇ ಮದ್ದು: ವಾಲಗ. ಚಿಕ್ಕಪ್ಪನ ಮಗಳ ಮದುವೆಯಲ್ಲಿ ಫೋನಿನಲ್ಲಿ ಹಿಡಿದದ್ದು, ಏಳು ನಿಮಿಷ. ಮಧ್ಯೆ ಯಾರೋ ಕೂಗಿದ್ದು, ಮಕ್ಕಳು ನಕ್ಕಿದ್ದು ಎಲ್ಲ ಇದೆ. ಮಾತಿಲ್ಲ, ಹಾಗಾಗಿ ಸಿಟ್ಟಿಗೆ ಇನ್ನಷ್ಟು ಮಾತು ಸಿಗುವುದಿಲ್ಲ. ಎರಡು ನಿಮಿಷಕ್ಕೆ ಕಾಲು ತಾನಾಗಿ ಎತ್ತುತ್ತದೆ. ಮುಷ್ಟಿ ಬಿಗಿ ಹಿಡಿದುಕೊಂಡು ವಾಲಗಕ್ಕೆ ಕುಣಿಯಲಿಕ್ಕೆ ಆಗುವುದಿಲ್ಲ, ಮಾಡಿ ನೋಡಿ.

ನಮ್ಮ ಹಿರಿಯರಿಗೆ ಇದೆಲ್ಲ ಗೊತ್ತಿತ್ತು. ನಮ್ಮಲ್ಲಿ ಮದುವೆಗೂ ವಾಲಗ, ಸಾವಿಗೂ ವಾಲಗ, ಬಡಿತ ಮಾತ್ರ ಬೇರೆ. ನಡಿಕೇರಿಯಂಡ ಚಿಣ್ಣಪ್ಪನವರು ಕೂಡಿಸಿದ ಕೊಡವ ಜನಪದ ಹಾಡುಗಳ ಪುಸ್ತಕ ‘ಪಟ್ಟೋಲೆ ಪಳಮೆ’ 1924ರಲ್ಲಿ ಬಂತು. ಅದರಲ್ಲೂ ಮದುವೆ ಹಾಡು, ಪುತ್ತರಿ (ಹುತ್ತರಿ, ನಮ್ಮ ಸುಗ್ಗಿ ಹಬ್ಬ) ಹಾಡು, ಸಾವಿನ ಹಾಡು ಬೇರೆ ಬೇರೆಯೇ ಇವೆ. ಯಾವ ಮನಸ್ಸಿಗೆ ಯಾವ ಹಾಡು ಅಂತ ಊರೇ ಸೇರಿ ಹಾಕಿಟ್ಟ ಪಟ್ಟಿ ಅದು.

ಮಕ್ಕಂದೂರು ಕಡೆಯಿಂದ

ಭಯದ ಬಗ್ಗೆ ನಾನು ಹೇಳುತ್ತೇನೆ. ಸುಮ್ನೆ ಓದಿಕೊಂಡು ಹೋಗೋಣ ಅಂದುಕೊಂಡಿದ್ದೆ, ಆದರೆ ಯಾರಿಗಾದರೂ ಉಪಯೋಗ ಆಗಬಹುದು.

2006ರ ಕೊನೆಯಲ್ಲಿ ‘ಮುಂಗಾರು ಮಳೆ’ ಬಂದಾಗ ನಾನು ಕಾಲೇಜಿನಲ್ಲಿದ್ದೆ. ಕಥೆ ಮಡಿಕೇರಿಯಲ್ಲೇ ನಡೆಯುವುದು ಅಂತ ನಮಗೆಲ್ಲ ಎಷ್ಟು ಹೆಮ್ಮೆ. ಜಯಂತ ಕಾಯ್ಕಿಣಿಯವರ ‘ಅನಿಸುತಿದೆ ಯಾಕೋ ಇಂದು’ ಕೇಳದ ದಿನ ಇರಲಿಲ್ಲ. ಮಳೆ ಅಂದರೆ ಆ ಹಾಡುಗಳು, ಆ ಹಾಡುಗಳು ಅಂದರೆ ಮಳೆ.

2018ರ ಆಗಸ್ಟ್‌ನಲ್ಲಿ ನಮ್ಮ ಗುಡ್ಡ ಜರಿಯಿತು. ಮನೆ ಉಳಿಯಿತು, ತೋಟದ ಅರ್ಧ ಹೋಯಿತು. ಪರಿಹಾರ ಕೇಂದ್ರದಲ್ಲಿ ಇದ್ದೆವು. ಆಮೇಲೆ ಮಳೆಯ ಹೆಸರಿರುವ ಹಾಡೇ ಬೇಡವಾಯಿತು. ಶೀಟಿನ ಮೇಲೆ ಹನಿ ಬಿದ್ದರೆ ಎದ್ದು ಕೂರುತ್ತಿದ್ದೆ.

ಕೇಂದ್ರದಲ್ಲಿ ಒಂದು ಸಂಜೆ ಕರೆಂಟಿಲ್ಲ. ಮಕ್ಕಳು ಮೇಣದ ಬತ್ತಿ ಸುತ್ತ ಕೂತು ‘ಕೋಡಗನ ಕೋಳಿ ನುಂಗಿತ್ತ’ ಶುರು ಮಾಡಿದರು. ಶಿಶುನಾಳ ಶರೀಫರದ್ದು. ಆಡು ಆನೆಯ ನುಂಗಿತು, ಗೋಡೆ ಸುಣ್ಣವ ನುಂಗಿತು ಅಂತ ಹೇಳುತ್ತಾ ಒಂದೊಂದಕ್ಕೂ ಚಪ್ಪಾಳೆ. ಒಂದು ಸಣ್ಣ ಹುಡುಗಿ ಎದ್ದು ನಿಂತು ‘ಗುಡ್ಡ ನಮ್ಮ ತೋಟವ ನುಂಗಿತ್ತ’ ಅಂತ ಸೇರಿಸಿದಳು. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆಮೇಲೆ ನಮ್ಮ ಅಪ್ಪ ನಕ್ಕರು. ಅಷ್ಟು ದಿನದಲ್ಲಿ ಅವರು ಮೊದಲು ನಕ್ಕಿದ್ದು ಅವತ್ತು. ಹೇಳಲಿಕ್ಕೆ ಬಾರದೆ ಗಂಟಲಲ್ಲಿ ಕೂತಿದ್ದನ್ನು ಆ ಮಗು ಹಾಡಿನೊಳಗೆ ಹಾಕಿ ಹೊರಗೆ ತೆಗೆಯಿತು.

ಈಗಲೂ ರಾತ್ರಿ ಜೋರು ಮಳೆ ಬಂದರೆ ನಾನು ಫೋನಿನಲ್ಲಿ ಹಾಕುವುದಿಲ್ಲ, ಬಾಯಲ್ಲೇ ಹಾಡುತ್ತೇನೆ. ಭಯಕ್ಕೆ ಕೇಳುವ ಹಾಡಿಗಿಂತ ಹಾಡುವ ಹಾಡು ಒಳ್ಳೆಯದು. ಹಾಡಬೇಕಾದರೆ ಉಸಿರು ಬಿಡಲೇಬೇಕಲ್ಲ. ಮಳೆಯ ಹಾಡುಗಳಿಗೆ ವಾಪಸ್ ಬರಲಿಕ್ಕೆ ನನಗೆ ಮೂರು ವರ್ಷ ಬೇಕಾಯಿತು. ಅದೂ ಮಾರ್ಚ್‌ನಲ್ಲಿ, ಹೂಮಳೆ ಬಂದು ತೋಟವೆಲ್ಲ ಬಿಳಿಯಾಗಿ ಪರಿಮಳ ಏಳುವಾಗ ಒಂದು ದಿನ ತಾನಾಗಿ ಬಾಯಿಗೆ ಬಂತು. ಅವಸರ ಮಾಡಬೇಡಿ.

ಗೋಣಿಕೊಪ್ಪದಿಂದ

ಪಟ್ಟಿ ಮಾಡಿ, ಆದರೆ ಆಗಾಗ ತೆಗೆದು ನೋಡಿ. ಹಾಡು ಅದೇ ಇರುತ್ತದೆ, ಜಾಗ ಬದಲಾಗುತ್ತದೆ. ‘ಬೊಂಬೆ ಹೇಳುತೈತೆ’ 2017ರಲ್ಲಿ ಬಂದಾಗ ನನಗೆ ಅದು ಹುರುಪಿನ ಹಾಡು. ಪಿಕಪ್‌ನಲ್ಲಿ ಕಾಫಿ ಮೂಟೆ ಹಾಕಿಕೊಂಡು ಹೋಗುವಾಗ ಜೋರಾಗಿ ಇಡುತ್ತಿದ್ದೆ. 2021ರ ಅಕ್ಟೋಬರ್ 29ರಂದು ಅಪ್ಪು ಹೋದರು. ಮರುದಿನ ಅದೇ ಹಾಡು ಬಂದಾಗ ಗಾಡಿ ಬದಿಗೆ ಹಾಕಿ ನಿಲ್ಲಿಸಿದೆ. ಈಗ ಅದು ನನ್ನ ಹುರುಪಿನ ಪಟ್ಟಿಯಲ್ಲಿಲ್ಲ. ಯಾರನ್ನಾದರೂ ಪ್ರೀತಿಯಿಂದ ನೆನೆಯಬೇಕು ಅನಿಸಿದಾಗ ಕೇಳುತ್ತೇನೆ. ಹುರುಪಿಗೆ ಈಗ ಅದರ ಅಜ್ಜನಂಥ ಹಾಡು, 1971ರ ‘ಕಸ್ತೂರಿ ನಿವಾಸ’ದ ‘ಆಡಿಸಿ ನೋಡು ಬೀಳಿಸಿ ನೋಡು’. ಕಾಫಿ ರೇಟು ಬಿದ್ದ ವರ್ಷ ಅದೊಂದೇ ನನ್ನನ್ನು ಎತ್ತಿ ನಿಲ್ಲಿಸಿದ್ದು.

ಮಡಿಕೇರಿಯಿಂದ

ಮಗಳೇ, ನನಗೆ ಎಪ್ಪತ್ತು ದಾಟಿತು. ‘ಕೊಡಗಿನ ಕಾವೇರಿ’ ರೇಡಿಯೋದಲ್ಲಿ ಬಂದರೆ ನಾವು ಹುಡುಗಿಯರು ಕುಣಿಯುತ್ತಿದ್ದೆವು, ನಮ್ಮೂರಿನ ಹಾಡು ಅಂತ. ಆ ಹಾಡಿರುವ ಸಿನಿಮಾ ‘ಶರಪಂಜರ’ ನೋಡಿದ ಮೇಲೆ, ಅದರ ನಾಯಕಿ ಕಾವೇರಿ ಮನಸ್ಸು ಕೆಟ್ಟು ಎಲ್ಲರಿಂದ ದೂರವಾಗುವುದನ್ನು ನೋಡಿದ ಮೇಲೆ, ಅದೇ ಖುಷಿಯ ಹಾಡಿಗೆ ಗಂಟಲು ಕಟ್ಟುತ್ತಿತ್ತು. ಖುಷಿಯ ಹಾಡು ಅಳಿಸಿದರೆ ನಿನ್ನಲ್ಲಿ ಏನೋ ತಪ್ಪಾಗಿದೆ ಅಂದುಕೊಳ್ಳಬೇಡ. ಹಾಡಿನ ಜೊತೆ ನಾವು ಏನೇನನ್ನು ಕಂಡಿದ್ದೇವೋ ಅದೂ ಕೇಳಿಸುತ್ತದೆ.

ಖುಷಿಗೆ ನಾನು ಹಾಡುವುದು ಪಂಜೆ ಮಂಗೇಶರಾಯರ ಹುತ್ತರಿ ಹಾಡು. ಅವರು ಇಲ್ಲೇ ಮಡಿಕೇರಿಯಲ್ಲಿ ಹೆಡ್‌ಮಾಸ್ಟರ್ ಆಗಿದ್ದವರು. ‘ಎಲ್ಲಿ ಭೂರಮೆ ದೇವಸನ್ನಿಧಿ ಬಯಸಿ ಬಿಮ್ಮನೆ ಬಂದಳೊ’ ಅಂತ ಶುರು ಮಾಡಿದರೆ ಈಗಲೂ ಬೆನ್ನು ನೆಟ್ಟಗಾಗುತ್ತದೆ.

ಕೇಳಿದವರು, ಸುಂಟಿಕೊಪ್ಪ

ಹತ್ತು ದಿನ ಕಳೆದು ಬರೆಯುತ್ತಿದ್ದೇನೆ. ಎಲ್ಲರಿಗೂ ತುಂಬ ತುಂಬ ಥ್ಯಾಂಕ್ಸ್. ನಾಪೋಕ್ಲಿನ ಅಕ್ಕ ಹೇಳಿದ ಹಾಗೆ ಬೆಳಗಿನ ಬಸ್ಸಿಗೆ ಮೂರು ಹಾಡು ಕಟ್ಟಿದ್ದೇನೆ. ಮೊದಲನೆಯದು ‘ತಲ್ಲಣಿಸದಿರು’. ಮಡಿಕೇರಿ ಮುಟ್ಟುವ ಹೊತ್ತಿಗೆ ಮೂರನೆಯದು ಬಂದಿರುತ್ತದೆ. ಸಂಜೆಗೆ ಏನೂ ಹಾಕುವುದಿಲ್ಲ, ಸುಮ್ನೆ ಕಿಟಕಿ ಆಚೆ ನೋಡುತ್ತೇನೆ. ಅದೂ ಬೇಕಿತ್ತು ಅಂತ ಈಗ ಗೊತ್ತಾಯಿತು. ಸಿಟ್ಟಿಗೆ ವಾಲಗ ಇನ್ನೂ ಸಿಕ್ಕಿಲ್ಲ, ಬರುವ ತಿಂಗಳು ಒಂದು ಮದುವೆ ಇದೆ.

ಅಮ್ಮನ ಹಾಡನ್ನು ಬೇರೆ ಇಟ್ಟೆ. ಭಾನುವಾರ ಮಧ್ಯಾಹ್ನ ಅಪ್ಪನ ಜೊತೆ ಕೂತು ಹಾಕಿದೆ. ಅಪ್ಪ ಅಮ್ಮನ ಬಗ್ಗೆ ಇಷ್ಟು ದಿನ ಒಂದು ಮಾತೂ ಆಡಿರಲಿಲ್ಲ. ಜಗಲಿಯಲ್ಲಿ ಒಳ್ಳೆ ಮೆಣಸು ಬಿಡಿಸುತ್ತಾ ಇದ್ದರು. ‘ಪದುಮಳು ಒಳಗಿಲ್ಲ’ ಬಂದಾಗ ಅವರ ಕೈ ನಿಂತಿತು. ನಾನು ನಿಲ್ಲಿಸಲಿಕ್ಕೆ ಹೋದೆ.

‘ಇರಲಿ’ ಅಂದರು. ಹಾಡು ಮುಗಿದ ಮೇಲೆ ‘ಇದನ್ನು ಅವಳು ಒಲೆ ಹತ್ತಿಸುವಾಗ ಹಾಡುವಳು, ಈ ಜಾಗದಲ್ಲಿ ಯಾವಾಗಲೂ ರಾಗ ತಪ್ಪುವಳು’ ಅಂದರು. ಆಮೇಲೆ ಇನ್ನೊಂದು ಸಲ ಹಾಕು ಅಂದರು.