‘ಅನುಮಾನ ಪಟ್ಟರು’ ಅಂದರೆ ಸರಿಯಾಗುತ್ತಾ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲ್ ಮಕ್ಕಳಿಗಾಗಿ ನ್ಯೂಟ್ರಿನೋ ಅನ್ನುವ ಅತಿ ಸಣ್ಣ ಕಣದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಎರಡು ದಿನದಿಂದ ಒಂದು ಪದಕ್ಕೆ ಸಿಕ್ಕಿಹಾಕಿಕೊಂಡಿದ್ದೇನೆ: ಸ್ಕೆಪ್ಟಿಸಿಸಂ. ಅಂದರೆ, ಹೇಳಿದ್ದನ್ನು ತಕ್ಷಣ ಒಪ್ಪದೆ, ಪರೀಕ್ಷಿಸಿ ನೋಡುವ ಗುಣ. ಅದಕ್ಕೆ ಕನ್ನಡದಲ್ಲಿ ಏನನ್ನೋಣ?

ವಿಷಯ ಇದು. ಜಿನೀವಾ ಹತ್ತಿರದ ಸರ್ನ್ ಅನ್ನುವ ಭೌತವಿಜ್ಞಾನ ಸಂಶೋಧನಾ ಕೇಂದ್ರದಿಂದ ಹೊರಟ ನ್ಯೂಟ್ರಿನೋಗಳು ನೆಲದೊಳಗೇ 730 ಕಿಲೋಮೀಟರ್ ಸಾಗಿ ಇಟಲಿಯ ಗ್ರಾನ್ ಸಾಸೋ ಪ್ರಯೋಗಾಲಯ ತಲುಪುತ್ತಿದ್ದವು. ಅವು ಬೆಳಕಿಗಿಂತ ಸುಮಾರು 60 ನ್ಯಾನೋಸೆಕೆಂಡ್ ಮುಂಚೆ ಬಂದಂತೆ ಕಾಣುತ್ತಿದೆ ಅಂತ ಅಲ್ಲಿ ಅವನ್ನು ಅಳೆಯುತ್ತಿದ್ದ ಒಪೆರಾ ತಂಡ 2011ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಬೆಳಕಿಗಿಂತ ವೇಗವಾಗಿ ಯಾವುದೂ ಹೋಗಲಾರದು ಅನ್ನುವುದು ಭೌತವಿಜ್ಞಾನದ ನಿಯಮ, ಹಾಗಾಗಿ ಹೆಚ್ಚಿನವರು ಒಪ್ಪಲಿಲ್ಲ. ನಾನು “ಉಳಿದ ವಿಜ್ಞಾನಿಗಳು ಅನುಮಾನ ಪಟ್ಟರು” ಅಂತ ಬರೆದೆ. ಓದಿದ ಮಗಳು ಕೇಳಿದಳು, “ಹಾಗಾದ್ರೆ ಆ ತಂಡದವರು ಸುಳ್ಳು ಹೇಳಿದ್ರಾ ಅಪ್ಪಾ?”

ಇಲ್ಲ, ಖಂಡಿತ ಇಲ್ಲ. ಅವರೇ ತಿಂಗಳುಗಟ್ಟಲೆ ತಪ್ಪು ಹುಡುಕಿದ್ದರು. ಸಿಗದಿದ್ದಾಗ, ನೀವೂ ನೋಡಿ ಅಂತ ಎಲ್ಲರ ಮುಂದಿಟ್ಟಿದ್ದರು. ಕೊನೆಗೆ ಸಿಕ್ಕಿದ್ದು ಒಂದು ಕನೆಕ್ಟರ್. ಜಿಪಿಎಸ್ ಸಮಯವನ್ನು ಗಡಿಯಾರಕ್ಕೆ ತರುವ ಫೈಬರ್ ಕೇಬಲ್‌ನ ತುದಿ ಪೂರ್ತಿ ಬಿಗಿಯಾಗಿ ಕೂತಿರಲಿಲ್ಲ. ಸಮಯದ ಸಂಕೇತ ತಡವಾಗುತ್ತಿತ್ತು, ಅದಕ್ಕೇ ನ್ಯೂಟ್ರಿನೋ ಬೇಗ ಬಂದ ಹಾಗೆ ಕಾಣುತ್ತಿತ್ತು. 2012ರ ಮಾರ್ಚ್‌ನಲ್ಲಿ ಅದೇ ಪ್ರಯೋಗಾಲಯದ ಇಕಾರಸ್ ತಂಡ ಬೇರೆಯಾಗಿ ಅಳೆದು, ಬೆಳಕಿನಷ್ಟೇ ವೇಗ ಅಂತ ಹೇಳಿತು.

ಮಗಳ ಪ್ರಶ್ನೆಯಲ್ಲೇ ತೊಡಕಿದೆ ಅಲ್ವಾ? ನಮ್ಮ ಮಾತಿನಲ್ಲಿ ಅನುಮಾನ ಬರುವುದು ಯಾರದಾದರೂ ‘ಮೇಲೆ’. ಸೊಸೆ ಮೇಲೆ, ಕೆಲಸದವನ ಮೇಲೆ. ‘ಅದರ ಬಗ್ಗೆ ಅನುಮಾನ’ ಅಂದರೆ ಸ್ವಲ್ಪ ಮೆತ್ತಗಾಗುತ್ತದೆ, ಆದರೆ ಅಲ್ಲಿಗೇ ನಿಲ್ಲುತ್ತದೆ. ಮುಂದೆ ಅಳೆದು ನೋಡುವ ಕೆಲಸ ಅದರಲ್ಲಿಲ್ಲ. (ತರ್ಕಶಾಸ್ತ್ರದಲ್ಲಿ ಹೊಗೆ ಕಂಡು ಬೆಂಕಿ ಇದೆ ಅಂತ ತಿಳಿಯುವುದೇ ಅನುಮಾನ. ಆ ಚೆಂದದ ಅರ್ಥ ದಿನದ ಮಾತಿನಲ್ಲಿ ಉಳಿಯಲೇ ಇಲ್ಲ.) ಗುಮಾನಿ ಇನ್ನೂ ಜಾಸ್ತಿ, ಪೊಲೀಸ್ ಠಾಣೆ ನೆನಪಾಗುತ್ತದೆ. ‘ಸಂದೇಹವಾದ’ ಅಂದರೆ ಏನನ್ನೂ ಖಚಿತವಾಗಿ ತಿಳಿಯಲಾಗದು ಅನ್ನುವ ತತ್ವದ ಕಡೆ ವಾಲುತ್ತದೆ.

ನನಗೆ ಹತ್ತಿರ ಅನ್ನಿಸಿದ್ದು ‘ಪರಾಂಬರಿಸು’, ಅಂದರೆ ಚೆನ್ನಾಗಿ ಪರಿಶೀಲಿಸಿ ನೋಡು. ‘ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು’ ಅನ್ನುವ ಗಾದೆ ಇದೆಯಲ್ಲ, ಅದು. ಫಲಿತಾಂಶ‘ವನ್ನು’ ಪರಾಂಬರಿಸುತ್ತೇವೆ, ಜನರ ‘ಮೇಲೆ’ ಅಲ್ಲ. ಯಾರಿಗೂ ಅವಮಾನ ಇಲ್ಲ. ಒಪೆರಾದವರು ತಮ್ಮ ಲೆಕ್ಕವನ್ನೇ ಪರಾಂಬರಿಸಿದರು ಅಂತಲೂ ಬರೆಯಬಹುದು.

ಕ್ರಿಯಾಪದ ಸಿಕ್ಕಿತು, ಆದರೆ ಆ ಗುಣಕ್ಕೆ ಏನನ್ನೋಣ? ‘ಪರಾಂಬರಿಕೆ’ ಅಂದರೆ ಹೈಸ್ಕೂಲ್ ಮಕ್ಕಳಿಗೆ ಅರ್ಥವಾಗುತ್ತಾ? ನಿಮ್ಮ ಊರ ಕಡೆ ಈ ಪದ ಇನ್ನೂ ಮಾತಿನಲ್ಲಿ ಇದ್ದರೆ, ಯಾವ ಸಂದರ್ಭದಲ್ಲಿ ಬಳಸುತ್ತಾರೆ ಅಂತ ದಯವಿಟ್ಟು ಬರೆಯಿರಿ.